ಒಳಗಿದ್ದದ್ದು ಎಂಟು ನಿಮಿಷ

ನನ್ನ ತಮ್ಮನಿಗೆ ಬೈಪೋಲಾರ್ ಕಾಯಿಲೆ, ಅಂದರೆ ಮನಸ್ಸು ಕೆಲವು ಕಾಲ ಅತಿ ಉತ್ಸಾಹಕ್ಕೆ ಏರಿ, ಕೆಲವು ಕಾಲ ತೀರಾ ಕುಗ್ಗಿಹೋಗುವ ಕಾಯಿಲೆ. ಗೊತ್ತಾಗಿ ಹನ್ನೊಂದು ವರ್ಷ ಆಯ್ತು. ಇದನ್ನು ಬರೆಯಲಾ ಅಂತ ಅವನನ್ನೇ ಕೇಳಿದೆ. ಹೆಸರು ಹಾಕಬೇಡ, ಉಳಿದದ್ದು ಬರಿ ಅಂದ. ಅದಕ್ಕೇ ಬರೀತಾ ಇದ್ದೇನೆ.

ನಮ್ಮದು ಅರಸೀಕೆರೆ ಹತ್ತಿರ ಒಂದು ಹಳ್ಳಿ. ಊರಿನ ಹಾಲಿನ ಡೈರಿಯಲ್ಲಿ ನಾನು ಕಾರ್ಯದರ್ಶಿ. ಬೆಳಿಗ್ಗೆ ಎಷ್ಟು ಲೀಟರ್ ಬಂತು, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು, ಯಾರಿಗೆ ಎಷ್ಟು ದುಡ್ಡು ಹೋಗಬೇಕು, ಎಲ್ಲದರ ಲೆಕ್ಕ ಇಡೋದು ನನ್ನ ಕೆಲಸ. ತಮ್ಮನ ಕಾಯಿಲೆಗೂ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಆ ನೋಟ್‌ಬುಕ್ಕಿನಿಂದ ಕಲಿತದ್ದು ಬಹಳ. ಅದನ್ನು ನಂಬಿ ಕೆಟ್ಟದ್ದೂ ಇದೆ. ಎರಡನ್ನೂ ಹೇಳ್ತೀನಿ.

ಮೊದಲ ವರ್ಷಗಳಲ್ಲಿ ನಾವು ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಗೆ ಹೋಗುತ್ತಿದ್ದೆವು. ನಡುರಾತ್ರಿ ಅರಸೀಕೆರೆಯಲ್ಲಿ ರೈಲು ಹತ್ತಿ, ಬೆಳಗಿನ ಜಾವ ಯಶವಂತಪುರದಲ್ಲಿ ಇಳಿದು, ಸಿಟಿ ಬಸ್ ಹಿಡಿದು ಏಳು ಗಂಟೆಗೆಲ್ಲ ಚೀಟಿಯ ಸಾಲಿನಲ್ಲಿ ನಿಂತಿರುತ್ತಿದ್ದೆವು. ಒಂದು ದಿನ ಸುಮ್ನೆ ಗಡಿಯಾರ ನೋಡಿಕೊಂಡೆ. ನಮ್ಮನ್ನು ಒಳಗೆ ಕರೆದಾಗ ಹನ್ನೊಂದು ಐವತ್ತು. ಹೊರಗೆ ಬಂದಾಗ ಹನ್ನೊಂದು ಐವತ್ತೆಂಟು. ಎಂಟು ನಿಮಿಷ. ವಾಪಸ್ ಬರುವಾಗ ರೈಲಿನಲ್ಲಿ ನನಗೆ ಎಂಥ ಸಿಟ್ಟು ಅಂತೀರಾ! ಅಷ್ಟು ದೂರದಿಂದ ನಿದ್ದೆಗೆಟ್ಟು ಹೋದರೆ ಎಂಟೇ ನಿಮಿಷ ನೋಡಿ ಕಳಿಸಿದರಲ್ಲ ಅಂತ ಎದುರಿಗೆ ಕೂತವರಿಗೆಲ್ಲ ಹೇಳಿಕೊಂಡೆ. ತಮ್ಮ ಕಿಟಕಿ ಪಕ್ಕ ಕೂತು ಹೊರಗೆ ನೋಡುತ್ತಿದ್ದ. ಅವನು ಒಂದೂ ಮಾತಾಡಲಿಲ್ಲ.

ತಿಪಟೂರು ದಾಟುವ ಹೊತ್ತಿಗೆ ಸಿಟ್ಟು ಸ್ವಲ್ಪ ಇಳಿದಿತ್ತು. ಆಗ ಆ ಎಂಟು ನಿಮಿಷದಲ್ಲಿ ಏನೇನಾಯ್ತು ಅಂತ ನೆನಪು ಮಾಡಿಕೊಂಡೆ. ಪ್ಲಾಸ್ಟಿಕ್ ಕವರಿನಲ್ಲಿ ಹಳೇ ಚೀಟಿ ಹುಡುಕೋಕೆ ಒಂದೂವರೆ ನಿಮಿಷ. ಈಗ ಏನೇನು ಮಾತ್ರೆ ಕೊಡ್ತಿದ್ದೀರಿ ಅಂತ ಡಾಕ್ಟ್ರು ಕೇಳಿದಾಗ, ಒಂದು ಬಿಳೀದು, ಒಂದು ಗುಲಾಬಿ ಬಣ್ಣದ್ದು, ರಾತ್ರಿ ಇನ್ನೊಂದು ಚಿಕ್ಕದು ಅಂತ ನಾನು ವಿವರಿಸಿದ್ದು ಒಂದು ನಿಮಿಷ. ಆಮೇಲೆ ಚಿಕ್ಕಪ್ಪನ ಜೊತೆ ಜಮೀನಿನ ಜಗಳ ಆಗಿದ್ದು, ಅದರಿಂದ ಮನೆಯಲ್ಲಿ ಯಾರಿಗೂ ನೆಮ್ಮದಿ ಇಲ್ಲ ಅಂತ ಒಂದೆರಡು ನಿಮಿಷ. ನಡುವೆ ನನ್ನ ಫೋನ್ ಬಡಿದುಕೊಂಡಿತು. ಕೊನೆಗೆ ಕೆಲಸಕ್ಕೆ ರಜೆ ಹಾಕಲು ಚೀಟಿ ಬರೆದುಕೊಡಿ ಅಂತ ಕೇಳಿದೆ. ಅದನ್ನು ಬರೆದು ಸೀಲ್ ಹಾಕಿಸೋಕೆ ಇನ್ನೊಂದೆರಡು ನಿಮಿಷ. ಇಷ್ಟೆಲ್ಲ ಕಳೆದರೆ ಉಳಿದದ್ದು ಎಷ್ಟು? ಹಾಲಿನ ಲೆಕ್ಕ ಮಾಡುವ ತಲೆಗೆ ಈ ಲೆಕ್ಕ ಕಷ್ಟ ಆಗಲಿಲ್ಲ. ತಮ್ಮನಿಗೆ ಅಂತ ಸಿಕ್ಕಿದ್ದು ಒಂದು ನಿಮಿಷ ಇರಬಹುದು.

ಡಾಕ್ಟರ ಹತ್ತಿರ ಯಾಕೆ ಇಷ್ಟು ಕಮ್ಮಿ ಹೊತ್ತು ಇರುತ್ತದೆ ಅನ್ನೋದು ಆಮೇಲೆ ಗೊತ್ತಾಯ್ತು. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಮುಂದಾಳಾಗಿ 2015-16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಮಾಡಿತ್ತು. ಮನಸ್ಸಿನ ಕಾಯಿಲೆ ಇರುವವರಲ್ಲಿ ಬಹುಪಾಲು ಜನಕ್ಕೆ ಚಿಕಿತ್ಸೆಯೇ ಸಿಗುತ್ತಿಲ್ಲ ಅಂತ ಅದರಲ್ಲಿ ಕಂಡುಬಂತು. ನಮ್ಮ ದೇಶದಲ್ಲಿ ಒಂದು ಲಕ್ಷ ಜನಕ್ಕೆ ಮನೋವೈದ್ಯರು ಒಬ್ಬರೂ ಇಲ್ಲ. ಸಾಮಾನ್ಯವಾಗಿ ಹೇಳುವ ಲೆಕ್ಕ 0.75. ಇದರ ಮೇಲೆ ಅವರಲ್ಲಿ ಹೆಚ್ಚಿನವರು ಇರೋದು ಸಿಟಿಗಳಲ್ಲಿ. ಸಾಮಾನ್ಯ ಡಾಕ್ಟರುಗಳು ಒಬ್ಬೊಬ್ಬ ರೋಗಿಗೆ ಎಷ್ಟು ಹೊತ್ತು ಕೊಡ್ತಾರೆ ಅಂತ 67 ದೇಶಗಳ ಲೆಕ್ಕ ಒಟ್ಟು ಮಾಡಿ 2017ರಲ್ಲಿ ಒಂದು ಅಧ್ಯಯನ ಬಂದಿತ್ತು. ಸ್ವೀಡನ್ನಿನಲ್ಲಿ ಇಪ್ಪತ್ತೆರಡು ನಿಮಿಷದ ಮೇಲೆ. ಬಾಂಗ್ಲಾದೇಶದಲ್ಲಿ 48 ಸೆಕೆಂಡು. ನಮ್ಮಲ್ಲಿ ಎರಡು ನಿಮಿಷದ ಆಸುಪಾಸು. ಅದನ್ನು ನೋಡಿದರೆ ನಮಗೆ ಸಿಕ್ಕ ಎಂಟು ನಿಮಿಷ ದೊಡ್ಡದೇ. ಹೊರಗೆ ಇನ್ನೂ ಅರವತ್ತು ಜನ ಕಾಯುತ್ತಿದ್ದಾಗ ಆ ಡಾಕ್ಟ್ರು ನಮಗೆ ಅಷ್ಟು ಕೊಟ್ಟಿದ್ದರು.

ಆದರೆ ಮನಸ್ಸಿನ ಕಾಯಿಲೆಯಲ್ಲಿ ಈ ನಿಮಿಷಗಳ ಬೆಲೆ ಬೇರೆ. ಕಾಲು ಮುರಿದರೆ ಎಕ್ಸ್‌ರೇ ಇದೆ. ಸಕ್ಕರೆ ಕಾಯಿಲೆಗೆ ರಕ್ತದ ರಿಪೋರ್ಟ್ ಇದೆ. ಡಾಕ್ಟ್ರು ಅರ್ಧ ನಿಮಿಷದಲ್ಲಿ ನೋಡಿ ಹೇಳಬಹುದು. ಇಲ್ಲಿ ರೋಗಿ ಒಳಗೆ ನಡೆದು ಬರುವ ರೀತಿ, ಕೂರುವ ರೀತಿ, ಮಾತಿನ ಓಟ, ಒಂದು ಪ್ರಶ್ನೆಗೂ ಉತ್ತರಕ್ಕೂ ನಡುವೆ ಎಷ್ಟು ಹೊತ್ತು ಸುಮ್ಮನಿರುತ್ತಾನೆ, ಕಣ್ಣು ಎಲ್ಲಿ ಇಡುತ್ತಾನೆ, ಇದೇ ಪರೀಕ್ಷೆ. ಅಂದರೆ ರೋಗಿ ಮಾತಾಡದೇ ಇದ್ದರೆ ಪರೀಕ್ಷೆಯೇ ಆಗಿಲ್ಲ ಅಂತ ಅರ್ಥ. ನಾನು ಜಮೀನಿನ ಜಗಳ ಹೇಳುತ್ತಾ ಕೂತಿದ್ದಾಗ ಡಾಕ್ಟ್ರು ನನ್ನನ್ನು ಪರೀಕ್ಷೆ ಮಾಡಿದ ಹಾಗಾಯ್ತು, ಅಲ್ವಾ?

ಅವತ್ತು ರಾತ್ರಿ ನೋಟ್‌ಬುಕ್ ಶುರು ಮಾಡಿದೆ. ಡೈರಿಯ ಹಳೇ ರಿಜಿಸ್ಟರಿನಲ್ಲಿ ಖಾಲಿ ಹಾಳೆ ಉಳಿದಿದ್ದವು. ದಿನಕ್ಕೆ ಒಂದು ಸಾಲು. ಎಷ್ಟು ಗಂಟೆಗೆ ಮಲಗಿದ, ಎಷ್ಟಕ್ಕೆ ಎದ್ದ, ಮಾತ್ರೆ ಎರಡೂ ಹೊತ್ತು ತಗೊಂಡನಾ, ಮತ್ತೆ ಬೇರೆ ಏನಾದರೂ.

ಆದರೂ ಒಂದು ದೊಡ್ಡ ತಪ್ಪು ಆಯ್ತು. ತಮ್ಮನಿಗೆ ಲಿಥಿಯಂ ಕೊಡುತ್ತಿದ್ದರು. ಬೈಪೋಲಾರ್‌ಗೆ ಹಳೇ ಔಷಧಿ, ಒಳ್ಳೇ ಔಷಧಿ. ಆದರೆ ರಕ್ತದಲ್ಲಿ ಅದು ಒಂದು ಅಳತೆಯಲ್ಲೇ ಇರಬೇಕು. ಕಮ್ಮಿ ಆದರೆ ಕೆಲಸ ಮಾಡಲ್ಲ, ಜಾಸ್ತಿ ಆದರೆ ವಿಷ. ಅದಕ್ಕೆ ಆಗಾಗ ರಕ್ತ ಪರೀಕ್ಷೆ. ಅವನ ಲೆಕ್ಕ ಯಾವಾಗಲೂ 0.7, 0.8 ಇರುತ್ತಿತ್ತು. ಒಂದು ಸಲ 1.4 ಬಂತು. ಡಾಕ್ಟ್ರು ರಿಪೋರ್ಟ್ ನೋಡಿ ಗಾಬರಿಯಾದರು. ವಾಂತಿ ಇದೆಯಾ, ಭೇದಿ ಇದೆಯಾ, ನಡಿಗೆ ತೂರಾಡುತ್ತಾ ಅಂತೆಲ್ಲ ಕೇಳಿದರು. ಎಲ್ಲದಕ್ಕೂ ಇಲ್ಲ. ಕೊನೆಗೆ ಕೇಳಿದರು, ‘ರಕ್ತ ಕೊಡೋ ಮುಂಚೆ ಬೆಳಿಗ್ಗೆ ಮಾತ್ರೆ ತಗೊಂಡಿದ್ರಾ?’

ತಗೊಂಡಿದ್ದ. ರೈಲಿನಿಂದ ಇಳಿದ ಮೇಲೆ ಕಾಫಿ ಜೊತೆ ನಾನೇ ಕೈಗೆ ಕೊಟ್ಟಿದ್ದೆ. ಮಾತ್ರೆ ತಪ್ಪಬಾರದು ಅನ್ನೋದೊಂದೇ ನನ್ನ ತಲೆಯಲ್ಲಿತ್ತು. ಲಿಥಿಯಂ ರಕ್ತ ಪರೀಕ್ಷೆಗೆ ಹಿಂದಿನ ಮಾತ್ರೆ ನುಂಗಿ ಹನ್ನೆರಡು ಗಂಟೆ ಆಗಿರಬೇಕು. ರಾತ್ರಿ ಒಂಬತ್ತಕ್ಕೆ ನುಂಗಿದರೆ ಬೆಳಿಗ್ಗೆ ಒಂಬತ್ತಕ್ಕೆ ರಕ್ತ. ಬೆಳಗಿನ ಮಾತ್ರೆ ರಕ್ತ ಕೊಟ್ಟ ಮೇಲೆ. ಯಾರೋ ಹಿಂದೆ ಹೇಳಿದ್ದರೋ ಏನೋ, ನನ್ನ ಕಿವಿಗೆ ಬಿದ್ದಿರಲಿಲ್ಲ. ಆ ರಿಪೋರ್ಟ್ ಇಟ್ಟುಕೊಂಡು ಯಾವ ತೀರ್ಮಾನವನ್ನೂ ಮಾಡುವ ಹಾಗಿರಲಿಲ್ಲ. ಮತ್ತೆ ರಕ್ತ ಕೊಟ್ಟು ಬನ್ನಿ ಅಂದರು. ನೂರೈವತ್ತು ಕಿಲೋಮೀಟರಿಗೂ ಜಾಸ್ತಿ ದೂರದಿಂದ ಬಂದಿದ್ದು, ಅವತ್ತಿನ ಡಾಕ್ಟರ ಹೊತ್ತು, ಹೊರಗೆ ಕಾಯುತ್ತಿದ್ದವರ ಹೊತ್ತು, ಎಲ್ಲ ಒಂದು ಲೋಟ ಕಾಫಿ ಜೊತೆ ನುಂಗಿದ ಮಾತ್ರೆಯಲ್ಲಿ ಹೋಯ್ತು.

ಇದನ್ನು ಓದುವವರ ಮನೆಯಲ್ಲಿ ಯಾರಾದರೂ ಲಿಥಿಯಂ ತಗೊಳ್ತಾ ಇದ್ದರೆ ಇನ್ನೊಂದು ಮಾತು. ಮೈಕೈ ನೋವಿಗೆ ಅಂತ ಮೆಡಿಕಲ್ ಸ್ಟೋರಿನಲ್ಲಿ ಕೊಡುವ ಐಬುಪ್ರೊಫೆನ್, ಡೈಕ್ಲೊಫಿನ್ಯಾಕ್ ಥರದ ಮಾತ್ರೆಗಳು ರಕ್ತದಲ್ಲಿ ಲಿಥಿಯಂ ಏರಿಸುತ್ತವೆ. ಬೇಸಿಗೆಯಲ್ಲಿ ನೀರು ಕಮ್ಮಿ ಕುಡಿದು ಬೆವರಿದರೂ ಏರುತ್ತದೆ. ನಮ್ಮ ಕಡೆ ತೆಂಗಿನ ತೋಟದಲ್ಲಿ ಕೆಲಸ ಮಾಡಿ ಸೊಂಟ ಹಿಡಿದರೆ ಎಲ್ಲರೂ ನುಂಗೋದು ಅದೇ ಮಾತ್ರೆ. ಆರು ತಿಂಗಳಿಗೊಮ್ಮೆ ಥೈರಾಯ್ಡ್, ಕಿಡ್ನಿ ಪರೀಕ್ಷೆಯೂ ಆಗಬೇಕು. ಇದನ್ನೆಲ್ಲ ಡಾಕ್ಟರೇ ಪ್ರತಿ ಸಲ ಕೂತು ಹೇಳಬೇಕು ಅಂದರೆ ಅವರ ಹೊತ್ತು ಸಾಲದು. ಮಾತ್ರೆ ಕೊಡುವ ಕಿಟಕಿಯಲ್ಲಿ ಕನ್ನಡದಲ್ಲಿ ಅಚ್ಚು ಹಾಕಿದ ಒಂದು ಅಂಗೈ ಅಗಲದ ಚೀಟಿ ಕೊಟ್ಟರೆ ಸಾಕು. ಹನ್ನೊಂದು ವರ್ಷದಲ್ಲಿ ನನಗೆ ಅಂಥ ಚೀಟಿ ಸಿಕ್ಕಿಲ್ಲ.

ಆ ಘಟನೆ ಆದ ಮೇಲೆ ನಾನು ಹೋಗುವ ಮೊದಲೇ ಒಂದು ಹಾಳೆ ತಯಾರು ಮಾಡಿಕೊಳ್ಳುತ್ತೇನೆ. ನೋಟ್‌ಬುಕ್ ಪೂರ್ತಿ ತೋರಿಸಿದರೆ ಅದನ್ನು ಓದೋಕೆ ಡಾಕ್ಟರಿಗೆ ಎಲ್ಲಿ ಹೊತ್ತಿದೆ? ಹೋದ ಸಲದಿಂದ ಈ ಸಲದವರೆಗೆ ಏನು ಬದಲಾಯ್ತು ಅನ್ನೋದಷ್ಟೇ ಹಾಳೆಯಲ್ಲಿ. ಮಾತ್ರೆಯ ಖಾಲಿ ಪಟ್ಟಿಗಳನ್ನೇ ಕವರಿಗೆ ಹಾಕಿಕೊಳ್ಳುತ್ತೇನೆ. ಬಿಳೀದು, ಗುಲಾಬಿದು ಅಂತ ಹೇಳುವ ಕಷ್ಟ ತಪ್ಪಿತು. ‘ಚೆನ್ನಾಗಿದ್ದಾನೆ’, ‘ಸರಿ ಇಲ್ಲ’ ಅಂತ ಬರೆಯೋದು ಬಿಟ್ಟೆ. ಆ ಮಾತುಗಳಲ್ಲಿ ಡಾಕ್ಟರಿಗೆ ಹಿಡಿಯೋಕೆ ಏನೂ ಸಿಗಲ್ಲ. ‘ಮೊದಲು ಏಳು ಗಂಟೆ ಮಲಗುತ್ತಿದ್ದ, ಹದಿನೈದು ದಿನದಿಂದ ನಾಲ್ಕೇ ಗಂಟೆ. ಎರಡೂವರೆಗೆ ಎದ್ದು ಹಾಲಿನ ಕ್ಯಾನ್ ತೊಳೆಯುತ್ತಾನೆ. ಶಾಲೆಯ ಹಳೇ ಗೆಳೆಯರಿಗೆಲ್ಲ ಫೋನ್ ಮಾಡ್ತಾನೆ.’ ಹೀಗೆ ಬರೆದ ದಿನ ಡಾಕ್ಟ್ರು ಎರಡು ಸಾಲು ಓದಿ ತಲೆ ಎತ್ತಿ ಅವನ ಮುಖ ನೋಡಿದರು. ಮಾತ್ರೆ ಬದಲಾಯಿಸಿದರು. ಆ ಸಲ ಅವನು ಆಸ್ಪತ್ರೆಗೆ ಸೇರುವ ಮಟ್ಟಕ್ಕೆ ಹೋಗಲಿಲ್ಲ. ಅದರ ಹಿಂದಿನ ಎರಡು ಸಲವೂ ಮೇನಿಯಾ, ಅಂದರೆ ಆ ಅತಿ ಉತ್ಸಾಹದ ಹಂತ, ಬಂದಾಗ ಅಡ್ಮಿಟ್ ಮಾಡಬೇಕಾಗಿತ್ತು. ಎರಡು ಸಲವೂ ಮೊದಲು ಕೆಟ್ಟದ್ದು ನಿದ್ದೆಯೇ.

ನಾಚಿಕೆ ಆಗುವ ವಿಷಯಗಳನ್ನೂ ಹಾಳೆಯಲ್ಲಿ ಬರೀತೀನಿ. ಅವ್ವ ಅವನಿಗೆ ತಾಯತ ಕಟ್ಟಿಸಿದ್ದು, ಅದನ್ನು ಕಟ್ಟಿದವರು ಇಂಗ್ಲಿಷ್ ಮಾತ್ರೆ ನಿಲ್ಲಿಸಿ ಅಂದದ್ದು, ನಾಟಿ ಔಷಧಿ ಒಂದು ತಿಂಗಳು ಕುಡಿಸಿದ್ದು. ಮೊದಲೆಲ್ಲ ಡಾಕ್ಟ್ರು ಬೈತಾರೆ ಅಂತ ಮುಚ್ಚಿಡುತ್ತಿದ್ದೆವು. ಮಾತ್ರೆ ಸರಿಯಾಗಿ ತಗೊಂಡರೂ ಯಾಕೆ ಕಮ್ಮಿ ಆಗ್ತಿಲ್ಲ ಅಂತ ಅವರು ತಲೆ ಕೆಡಿಸಿಕೊಂಡು ಹೊಸ ಮಾತ್ರೆ ಸೇರಿಸುತ್ತಿದ್ದರು. ನಿಜ ಏನಂದರೆ ಮಾತ್ರೆಯನ್ನೇ ಕೊಟ್ಟಿರುತ್ತಿರಲಿಲ್ಲ. ಹೇಳಿದ ಮೇಲೆ ಯಾವ ಡಾಕ್ಟರೂ ಬೈಯಲಿಲ್ಲ. ‘ದೇವರಿಗೆ ಹೋಗಿ ಬನ್ನಿ ಅಮ್ಮ, ಮಾತ್ರೆ ಮಾತ್ರ ನಿಲ್ಲಿಸಬೇಡಿ’ ಅಂತ ಒಬ್ಬರು ಅವ್ವನ ಕೈ ಹಿಡಿದು ಹೇಳಿದರು. ಅವ್ವ ಅವತ್ತಿನಿಂದ ಮಾತ್ರೆ ವಿಷಯದಲ್ಲಿ ನನಗಿಂತ ಗಟ್ಟಿ.

ಭಾರದ ಮಾತನ್ನು ಮೊದಲೇ ಹೇಳಬೇಕು ಅನ್ನೋದನ್ನು ಬೇರೆಯವರನ್ನು ನೋಡಿ ಕಲಿತೆ. ಬಾಗಿಲ ಹತ್ತಿರದ ಬೆಂಚಿನಲ್ಲಿ ಕೂತಿದ್ದಾಗ ಕಂಡದ್ದು. ಅರವತ್ತು ದಾಟಿದ ಒಬ್ಬರು ಯಜಮಾನರು, ಮಗನ ಜೊತೆ ಬಂದಿದ್ದರು. ನಿದ್ದೆ ಬರಲ್ಲ, ಹೊಟ್ಟೆ ಉರಿ, ಮಲಬದ್ಧತೆ ಅಂತ ಹೇಳಿ ಚೀಟಿ ಬರೆಸಿಕೊಂಡು ಎದ್ದರು. ಬಾಗಿಲ ತನಕ ಬಂದವರು ಮಗನನ್ನು ಮುಂದೆ ಕಳಿಸಿ, ಮತ್ತೆ ಒಳಗೆ ತಿರುಗಿ, ‘ಇರಬಾರದು ಅನ್ಸುತ್ತೆ ಸಾರ್’ ಅಂದರು. ಅಷ್ಟೇ. ಡಾಕ್ಟ್ರು ಮುಂದಿನವರನ್ನು ತಡೆದು, ಎದ್ದು ಬಂದು, ಅವರನ್ನು ಮತ್ತೆ ಕೂರಿಸಿ ಬಾಗಿಲು ಹಾಕಿಕೊಂಡರು. ಅವರು ಹೊರಗೆ ಬಂದಾಗ ಮುಕ್ಕಾಲು ಗಂಟೆ ಆಗಿತ್ತು. ನಾವೆಲ್ಲ ಕಾದೆವು. ಒಬ್ಬರೂ ಗೊಣಗಲಿಲ್ಲ. ಅವರು ಇನ್ನೊಂದು ಹೆಜ್ಜೆ ಮುಂದಿಟ್ಟಿದ್ದರೆ ಆ ಮಾತು ಹೊರಗೇ ಬರುತ್ತಿರಲಿಲ್ಲ ಅನ್ನೋದು ನನ್ನನ್ನು ಇವತ್ತಿಗೂ ಕಾಡುತ್ತದೆ. ಸಾಯಬೇಕು ಅನ್ನುವ ಯೋಚನೆ ಬರ್ತಾ ಇದ್ದರೆ ದಯವಿಟ್ಟು ಅದನ್ನೇ ಮೊದಲ ಮಾತಾಗಿ ಹೇಳಿ. ಹೊಟ್ಟೆ ಉರಿ ಆಮೇಲೆ. ಆಸ್ಪತ್ರೆಯ ದಿನದವರೆಗೆ ಕಾಯೋದೂ ಬೇಡ. ಟೆಲಿ ಮಾನಸ್ ಅಂತ 2022ರ ಅಕ್ಟೋಬರಿನಿಂದ ಸರ್ಕಾರದ್ದೇ ಸಹಾಯವಾಣಿ ಇದೆ. ನಂಬರು 14416. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಹೀಗೆ ಹಾಳೆ, ಮಾತ್ರೆ ಪಟ್ಟಿ, ರಕ್ತದ ರಿಪೋರ್ಟ್ ಎಲ್ಲ ಸರಿಯಾಗಿ ಜೋಡಿಸಿಕೊಂಡು ಹೋಗುವುದರಲ್ಲಿ ನಾನು ಪಳಗಿಬಿಟ್ಟೆ. ಒಳಗೆ ಹೋಗುತ್ತಲೇ ನಾನೇ ಶುರು ಮಾಡುತ್ತಿದ್ದೆ. ನಾಲ್ಕೇ ನಿಮಿಷದಲ್ಲಿ ಎಲ್ಲ ಹೇಳಿ ಮುಗಿಸುತ್ತಿದ್ದೆ. ಡಾಕ್ಟರುಗಳು ಮೆಚ್ಚುತ್ತಿದ್ದರು. ನಿಮ್ಮಂಥ ಅಕ್ಕ ಇರಬೇಕು ಅಂತ ಒಬ್ಬರು ತಮ್ಮನಿಗೆ ಹೇಳಿದರು. ನನಗೆ ತುಂಬಾ ಖುಷಿಯಾಗಿತ್ತು.

ಮೂರು ವರ್ಷದ ಹಿಂದೆ ಒಬ್ಬ ಹೊಸ ಡಾಕ್ಟ್ರು ಸಿಕ್ಕರು. ಚಿಕ್ಕ ವಯಸ್ಸು, ಇನ್ನೂ ಓದುತ್ತಿದ್ದವರು. ನಾನು ಹಾಳೆ ಕೊಟ್ಟು ಹೇಳೋಕೆ ಶುರು ಮಾಡಿದೆ. ಅವರು ಹಾಳೆ ಓದಿ ಮೇಜಿನ ಮೇಲಿಟ್ಟು, ‘ತುಂಬಾ ಚೆನ್ನಾಗಿ ಬರೆದಿದ್ದೀರಿ ಮೇಡಂ. ಎರಡು ನಿಮಿಷ ಹೊರಗೆ ಇರ್ತೀರಾ? ಇವರ ಹತ್ತಿರ ಮಾತಾಡಿ ನಿಮ್ಮನ್ನು ಕರೀತೀನಿ’ ಅಂದರು. ನನಗೆ ಮುಖಕ್ಕೆ ಹೊಡೆದ ಹಾಗಾಯ್ತು. ಎದ್ದು ಹೊರಗೆ ಬಂದೆ. ಒಳಗೆ ಅವನು ಏನು ಹೇಳ್ತಾನೆ, ಅವನಿಗೆ ಹೇಳೋಕೆ ಬರುತ್ತಾ, ಮಾತ್ರೆ ನಿಲ್ಲಿಸಿ ಅಂತ ಕೇಳಿಬಿಟ್ಟರೆ ಏನು ಗತಿ ಅಂತೆಲ್ಲ ಬಾಗಿಲ ಕಡೆಗೇ ನೋಡುತ್ತಾ ಕೂತೆ.

ಕರೆದಾಗ ಒಳಗೆ ಹೋದೆ. ಡಾಕ್ಟ್ರು ತಮ್ಮನಿಗೆ ಎರಡೂ ಕೈ ಮುಂದೆ ಚಾಚಿ ಅಂದರು. ಬೆರಳು ಅಗಲಿಸಿ ಅಂದರು. ಒಂದು ಬಿಳಿ ಹಾಳೆ ತೆಗೆದು ಅವನ ಬೆರಳುಗಳ ಮೇಲಿಟ್ಟರು. ಹಾಳೆ ಅಲ್ಲಾಡುತ್ತಿತ್ತು. ಫ್ಯಾನ್ ಗಾಳಿಗೆ ಅಂದುಕೊಂಡೆ. ಡಾಕ್ಟ್ರು ಎದ್ದು ಫ್ಯಾನ್ ಆಫ್ ಮಾಡಿದರು. ಹಾಳೆ ಆಗಲೂ ಅಲ್ಲಾಡುತ್ತಿತ್ತು. ಹಾಳೆಯ ತುದಿಯಲ್ಲಿ ಚಿಕ್ಕದಾಗಿ, ನಿಲ್ಲದ ಹಾಗೆ.

‘ಎಷ್ಟು ದಿನದಿಂದ?’ ಅಂದರು.

‘ಎರಡು ವರ್ಷ ಆಯ್ತು ಸಾರ್’ ಅಂದ ತಮ್ಮ.

ನಮ್ಮ ಡೈರಿಯಲ್ಲಿ ಬೆಳಿಗ್ಗೆ ಸ್ಯಾಂಪಲ್ ತೆಗೆಯೋದು ಅವನ ಕೆಲಸ ಆಗಿತ್ತು. ಒಬ್ಬೊಬ್ಬರ ಹಾಲಿನಿಂದ ಸ್ವಲ್ಪ ತೆಗೆದು ಚಿಕ್ಕ ಲೋಟಕ್ಕೆ ಹಾಕಿ ಫ್ಯಾಟ್ ಮಷೀನಿಗೆ ಇಡಬೇಕು. ಎಲ್ಲರ ಕಣ್ಣೂ ಆ ಕೈ ಮೇಲೇ ಇರುತ್ತದೆ, ಯಾಕೆಂದರೆ ಅದರ ಮೇಲೆ ಅವರ ದುಡ್ಡು ನಿಂತಿದೆ. ಅವನ ಕೈ ನಡುಗಿ ಹಾಲು ಚೆಲ್ಲುತ್ತಿತ್ತಂತೆ. ಬೆಳಿಗ್ಗೆಯೇ ಕುಡಿದು ಬಂದಿದ್ದಾನೆ ಅಂತ ಯಾರೋ ಹಿಂದೆ ನಿಂತು ಅಂದರಂತೆ. ಅವತ್ತಿನಿಂದ ಅವನು ಡೈರಿಗೆ ಬರೋದು ಬಿಟ್ಟ. ಸರ್ಕಲ್ಲಿನ ಹೋಟೆಲಿಗೆ ಟೀ ಕುಡಿಯೋಕೆ ಹೋಗೋದೂ ಬಿಟ್ಟ, ಲೋಟ ಹಿಡಿದರೆ ಎಲ್ಲರೂ ನೋಡ್ತಾರೆ ಅಂತ. ಮದುವೆ ಊಟಕ್ಕೆ ಪಂಕ್ತಿಯಲ್ಲಿ ಕೂರೋದೂ ಬಿಟ್ಟ. ಒಂದೊಂದಕ್ಕೂ ಅವನು ನನಗೆ ಹೇಳಿದ ಕಾರಣ ಒಂದೇ. ಬೇಜಾರು.

ಊರಿಗೆ ಬಂದು ನೋಟ್‌ಬುಕ್ ತೆಗೆದು ನೋಡಿದೆ. ಎರಡು ವರ್ಷದ ಹಿಂದಿನ ಹಾಳೆಗಳಲ್ಲಿ ನನ್ನ ಕೈಬರಹದಲ್ಲೇ ಇತ್ತು. ‘ಇವತ್ತೂ ಡೈರಿಗೆ ಬರಲಿಲ್ಲ. ಸೋಮಾರಿತನ.’ ಅದರ ಕೆಳಗೆ ಮತ್ತೆ. ‘ಸೋಮಾರಿತನ.’ ಆಮೇಲೆ ಬರೆಯೋದನ್ನೇ ಬಿಟ್ಟಿದ್ದೆ, ಅದು ಮಾಮೂಲಾಗಿತ್ತು. ಒಂದೇ ಮನೆಯಲ್ಲಿ ಇದ್ದು, ದಿನಾ ಅವನ ನಿದ್ದೆ ಎಣಿಸಿ, ಮಾತ್ರೆ ಎಣಿಸಿ, ಅವನ ಕೈ ನೋಡಿರಲಿಲ್ಲ ನಾನು. ಎಂಟು ನಿಮಿಷ ಕಮ್ಮಿ ಅಂತ ರೈಲಿನಲ್ಲಿ ಕೂಗಾಡಿದವಳು, ಅದನ್ನೂ ಅವನಿಗೆ ಬಿಟ್ಟುಕೊಟ್ಟಿರಲಿಲ್ಲ.

ಆ ಡಾಕ್ಟ್ರು ಮಾಡಿದ್ದು ದೊಡ್ಡ ಕೆಲಸ ಏನಲ್ಲ. ಲಿಥಿಯಂನಿಂದ ಕೈ ನಡುಗೋದು ಬಹಳ ಜನಕ್ಕೆ ಆಗುತ್ತದಂತೆ. ಥೈರಾಯ್ಡ್ ಒಮ್ಮೆ ನೋಡೋಣ ಅಂದರು. ಕಾಫಿ ದಿನಕ್ಕೆ ಎಷ್ಟು ಅಂತ ಕೇಳಿದರು. ಕಾಫಿ ಜಾಸ್ತಿಯಾದರೂ ನಡುಕ ಹೆಚ್ಚುತ್ತದೆ ಅಂದರು. ಎರಡು ಹೊತ್ತಿನ ಲಿಥಿಯಂ ಅನ್ನು ರಾತ್ರಿ ಒಂದೇ ಹೊತ್ತಿಗೆ ಮಾಡಿದರು. ಆಸ್ತಮಾ ಇಲ್ಲ ಅಂತ ಖಾತ್ರಿ ಮಾಡಿಕೊಂಡು ನಡುಕಕ್ಕೆ ಪ್ರೊಪ್ರನೊಲಾಲ್ ಅನ್ನುವ ಒಂದು ಚಿಕ್ಕ ಮಾತ್ರೆ ಬರೆದರು. ಒಂದೂವರೆ ತಿಂಗಳಲ್ಲಿ ನಡುಕ ಪೂರ್ತಿ ಹೋಗಲಿಲ್ಲ, ಆದರೆ ಅರ್ಧಕ್ಕರ್ಧ ಇಳಿಯಿತು. ಅವನಿಗೆ ಬೇಕಾಗಿದ್ದದ್ದು ಹೆಚ್ಚು ನಿಮಿಷಗಳಲ್ಲ. ಅವನದೇ ಆದ ಎರಡು ನಿಮಿಷ.

ಅದಾದ ಮೇಲೆ ಕ್ರಮ ಬದಲಾಯಿಸಿದೆವು. ಮೊದಲು ಅವನು ಒಬ್ಬನೇ ಹೋಗ್ತಾನೆ, ಹಾಳೆ ಅವನ ಕೈಯಲ್ಲೇ. ಹಾಳೆಯ ಹಿಂಬದಿ ಅವನದು. ಅಲ್ಲಿ ಏನು ಬರೆದಿದ್ದಾನೆ ಅಂತ ನಾನು ನೋಡಲ್ಲ. ಬೇಕಾದರೆ ಆಮೇಲೆ ನನ್ನನ್ನು ಕರೀತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲೂ ರೋಗಿಯ ಗುಟ್ಟು ಕಾಪಾಡಬೇಕು ಅಂತ ಇದೆ. ತನ್ನ ಪರವಾಗಿ ಯಾರು ಇರಬೇಕು ಅಂತ ರೋಗಿಯೇ ಒಬ್ಬರನ್ನು ಆರಿಸಿಕೊಳ್ಳಬಹುದು ಅಂತಲೂ ಇದೆ. ತಮ್ಮ ನನ್ನನ್ನೇ ಆರಿಸಿದ್ದಾನೆ. ಆ ಕಾಗದಕ್ಕೆ ಅವನು ಸಹಿ ಹಾಕುವಾಗ ನನಗೆ ಕಣ್ಣು ತುಂಬಿತ್ತು.

ಹಾಗಂತ ಮನೆಯವರನ್ನು ಹೊರಗೇ ಇಡಿ ಅಂತ ಹೇಳ್ತಾ ಇಲ್ಲ. ನಮ್ಮ ದೇಶದಲ್ಲಿ ಈ ಕಾಯಿಲೆಗಳನ್ನು ನೋಡಿಕೊಂಡು ಬಂದಿರೋದು ಮನೆಯವರೇ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ವಿದ್ಯಾಸಾಗರ್ ಅನ್ನುವ ಡಾಕ್ಟ್ರು ಆಸ್ಪತ್ರೆ ಆವರಣದಲ್ಲಿ ಡೇರೆ ಹಾಕಿಸಿ ರೋಗಿಗಳ ಜೊತೆ ಮನೆಯವರನ್ನೂ ಇರಿಸಿಕೊಂಡಿದ್ದರು. ಕಾಯಿಲೆ ಅಂದರೆ ಏನು, ಮನೆಗೆ ಹೋದ ಮೇಲೆ ಹೇಗೆ ನೋಡಿಕೊಳ್ಳಬೇಕು ಅಂತ ಮನೆಯವರನ್ನು ಒಟ್ಟಿಗೆ ಕೂರಿಸಿಕೊಂಡು ಹೇಳುತ್ತಿದ್ದರು. ಒಬ್ಬೊಬ್ಬರಿಗೇ ಹೇಳುವ ಮಾತನ್ನು ಐವತ್ತು ಜನಕ್ಕೆ ಒಮ್ಮೆ ಹೇಳಿದರೆ ಎಷ್ಟು ಹೊತ್ತು ಉಳಿಯುತ್ತದೆ ನೋಡಿ. ನಮ್ಮ ಒಪಿಡಿಗಳಲ್ಲಿ ನಾಲ್ಕು ಗಂಟೆ ಸುಮ್ನೆ ಕೂತಿರುತ್ತೇವಲ್ಲ, ಆಗ ಒಬ್ಬ ನರ್ಸ್ ಬಂದು ಲಿಥಿಯಂ ರಕ್ತ ಪರೀಕ್ಷೆಯ ಬಗ್ಗೆ, ಮಾತ್ರೆ ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಏನಾಗುತ್ತೆ ಅನ್ನೋದರ ಬಗ್ಗೆ ಹತ್ತು ನಿಮಿಷ ಮಾತಾಡಿದರೆ? ಕಾಯುವ ಹೊತ್ತೂ ಚಿಕಿತ್ಸೆಯೇ ಆಗುತ್ತದೆ.

ಡಾಕ್ಟರೇ ಮಾಡಬೇಕಾಗಿಲ್ಲದ ಕೆಲಸ ಅವರ ಮೇಜಿನ ಮೇಲೆ ಬಹಳ ಬೀಳುತ್ತದೆ. ಬಿಪಿ, ತೂಕ ನೋಡಿ ಬರೆಯೋದು ನರ್ಸ್ ಮಾಡಬಹುದು. ಈ ಮಾತ್ರೆಗಳಲ್ಲಿ ಕೆಲವು ತೂಕ ಏರಿಸುತ್ತವೆ, ಸಕ್ಕರೆ ಏರಿಸುತ್ತವೆ. ಆದ್ದರಿಂದ ತೂಕ ನೋಡಲೇಬೇಕು, ಆದರೆ ಡಾಕ್ಟರೇ ನೋಡಬೇಕಾಗಿಲ್ಲ. ಅಂಗವಿಕಲರ ಪ್ರಮಾಣಪತ್ರದ ಓಡಾಟ ಇದಕ್ಕಿಂತ ದೊಡ್ಡದು. ಮನಸ್ಸಿನ ಕಾಯಿಲೆಗೂ ಆ ಪ್ರಮಾಣಪತ್ರ ಸಿಗುತ್ತದೆ, ಐಡಿಯಾಸ್ ಅನ್ನುವ ಅಳತೆಯಲ್ಲಿ ಲೆಕ್ಕ ಹಾಕಿ ಕೊಡುತ್ತಾರೆ. ಆದರೆ ಯಾವ ಕಾಗದ ಬೇಕು, ಎಲ್ಲಿ ಅರ್ಜಿ ಹಾಕಬೇಕು, ಪಿಂಚಣಿಗೆ ತಾಲ್ಲೂಕು ಕಚೇರಿಯಲ್ಲಿ ಏನು ಮಾಡಬೇಕು, ಇದನ್ನೆಲ್ಲ ಜನ ಕೇಳೋದು ಡಾಕ್ಟರನ್ನೇ. ಯಾಕೆಂದರೆ ಆ ಬಿಲ್ಡಿಂಗಿನಲ್ಲಿ ತಮ್ಮ ಕಡೆ ತಿರುಗಿ ಕೂತಿರುವವರು ಅವರೊಬ್ಬರೇ. ಸಮಾಜ ಕಾರ್ಯಕರ್ತರು ಇರುವ ಕಡೆ ಈ ಕೆಲಸ ಎಷ್ಟು ಹಗುರ ಆಗುತ್ತೆ ಅಂತ ನೋಡಿದ್ದೇನೆ. ಅವರ ಒಂದು ಹುದ್ದೆ ಖಾಲಿ ಇಟ್ಟರೆ ಸರ್ಕಾರಕ್ಕೆ ಸಂಬಳ ಉಳಿಯಬಹುದು. ಹೋಗೋದು ಮನೋವೈದ್ಯರ ನಿಮಿಷ, ಅದನ್ನು ಎಲ್ಲಿಂದ ತರ್ತಾರೆ?

ಎಲ್ಲರೂ ಬೆಂಗಳೂರಿಗೇ ಹೋಗಬೇಕಾಗಿಯೂ ಇಲ್ಲ. ಇದನ್ನು ತೋರಿಸಿಕೊಟ್ಟದ್ದು ನಮ್ಮ ರಾಜ್ಯವೇ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರು. ಮನಸ್ಸಿನ ಕಾಯಿಲೆಯ ಮಾತ್ರೆ ಅಲ್ಲೇ ಸಿಗುವ ಹಾಗೆ ಮಾಡಿದರು. ಬಳ್ಳಾರಿಯ ಆ ಮಾದರಿಯ ಮೇಲೆಯೇ 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯ್ತು. ಈಗ ನಮ್ಮ ರಾಜ್ಯದ ಮನೋಚೈತನ್ಯ ಅನ್ನುವ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ಕಾಯಿಲೆ ಹತೋಟಿಯಲ್ಲಿ ಇರುವವರು ಬರೀ ಅದೇ ಮಾತ್ರೆ ಮತ್ತೆ ಬರೆಸಿಕೊಳ್ಳೋಕೆ ದೊಡ್ಡ ಆಸ್ಪತ್ರೆಯ ಸಾಲಿನಲ್ಲಿ ನಿಂತರೆ, ಅವತ್ತು ಮೊದಲ ಸಲ ಬಂದವರ ಹೊತ್ತು ಹೋಗುತ್ತದೆ. ಹೊಸಬರಿಗೆ ಒಂದು ಗಂಟೆ ಬೇಕು. ಹನ್ನೊಂದು ವರ್ಷದ ಹಿಂದೆ ನಮ್ಮನ್ನು ಮೊದಲು ನೋಡಿದವರು ಹತ್ತಿರ ಹತ್ತಿರ ಒಂದು ಗಂಟೆ ಕೂತು ಕೇಳಿದ್ದರು. ತಾತನ ಕಾಲದಿಂದ ಯಾರ್ಯಾರಿಗೆ ಏನೇನಿತ್ತು ಅಂತೆಲ್ಲ ಬರೆದುಕೊಂಡಿದ್ದರು. ಆ ಒಂದು ಗಂಟೆಯ ಮೇಲೆ ಇವತ್ತಿಗೂ ತಮ್ಮನ ಚಿಕಿತ್ಸೆ ನಿಂತಿದೆ.

ನಾವು ತಾಲ್ಲೂಕು ಆಸ್ಪತ್ರೆಗೆ ಬದಲಾಯಿಸಿ ಎರಡು ವರ್ಷ ಆಯ್ತು. ಆರು ತಿಂಗಳಿಗೆ ಒಮ್ಮೆ ಮಾತ್ರ ಬೆಂಗಳೂರು. ಹೋದ ಮಂಗಳವಾರ ನಮ್ಮ ಸರದಿ ಬಂದಾಗ ಹನ್ನೆರಡೂ ಮುಕ್ಕಾಲು. ತಮ್ಮ ಫೈಲು ಹಿಡಿದು ಎದ್ದ. ನಾನು ಬೆಂಚಿನಲ್ಲೇ ಉಳಿದೆ. ಪಕ್ಕದಲ್ಲಿ ಕೂತಿದ್ದ ಒಬ್ಬ ತಾಯಿ, ಮಗಳನ್ನು ಕರೆದುಕೊಂಡು ಮೊದಲ ಸಲ ಬಂದಿದ್ದವರು, ‘ನೀವು ಒಳಗೆ ಹೋಗಲ್ವಾ? ಅವ್ರಿಗೆ ಹೇಳಕ್ಕೆ ಗೊತ್ತಾಗುತ್ತಾ?’ ಅಂತ ಕೇಳಿದರು. ಗೊತ್ತಾಗುತ್ತೆ ಅಂದೆ. ಅವರ ಮಗಳು ತಲೆ ಎತ್ತಿ ನನ್ನನ್ನು ಒಂದು ಸಲ ನೋಡಿದಳು.

ಆರೇಳು ನಿಮಿಷಕ್ಕೆ ಅವನು ಹೊರಗೆ ಬಂದ.

‘ಮುಂದಿನ ತಿಂಗಳು ರಕ್ತ ಕೊಡಬೇಕಂತೆ ಅಕ್ಕ. ಹಿಂದಿನ ರಾತ್ರಿ ಒಂಬತ್ತಕ್ಕೇ ಮಾತ್ರೆ ತಗೊಂಡಿರಬೇಕು, ಲೇಟ್ ಮಾಡೋ ಹಾಗಿಲ್ಲ. ಜ್ಞಾಪಕ ಇಟ್ಕೊಂಡಿದ್ದೀನಿ.’

‘ಇನ್ನೇನು ಕೇಳಿದ್ರು?’

‘ಅದು ನನಗೂ ಡಾಕ್ಟರಿಗೂ ಇರೋದು’ ಅಂದ.

ಔಷಧಿ ಕೊಡುವ ಕಿಟಕಿ ಒಂದೂವರೆಗೆ ಹಾಕಿಬಿಡ್ತಾರೆ. ಫೈಲು ಅವನ ಕೈಯಲ್ಲೇ ಇತ್ತು. ಇಬ್ಬರೂ ಆ ಕಡೆ ಬೇಗ ಬೇಗ ನಡೆದೆವು.